ಎಲ್ಲರ ದರ ಒಂದೇ

ಬಟ್ಟೆ ಸೋಡಾದ ನೀರಿಗೆ ಕರುಣೆ ಇಲ್ಲ. ಸರ್ಕಾರಿ ಆಸ್ಪತ್ರೆಯ ಹಿಂದಿರುವ ಒಗೆಯುವ ಮನೆಯ ಹೆಂಗಸರ ಕೈ ನೋಡಿದರೆ ಸಾಕು, ಅದು ಗೊತ್ತಾಗುತ್ತದೆ. ಉಗುರಿನ ಸಂದಿ ಬಿರಿದಿರುತ್ತದೆ, ಬೆರಳ ತುದಿಯ ಗೆರೆಗಳು ಸವೆದು ಹೋಗಿರುತ್ತವೆ. ದೊಡ್ಡಕ್ಕ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಶಾಯಿಯ ಕಲೆ ಮೂಡುತ್ತಿತ್ತು. "ನಾಳೆ ಯಾರನ್ನಾದ್ರೂ ಕೊಂದ್ರೂ ಪೊಲೀಸರ ಕೈಗೆ ಸಿಗಲ್ಲ ಬಿಡ್ರೇ" ಎಂದು ಅವಳೇ ನಗುತ್ತಿದ್ದಳು.

ಅಲ್ಲಿದ್ದವರು ಹನ್ನೆರಡು ಹೆಂಗಸರು. ಎಲ್ಲರಿಗಿಂತ ಹಿರಿಯಳೆಂದು ಅವಳಿಗೆ ದೊಡ್ಡಕ್ಕ ಎಂಬ ಹೆಸರು. ಅವಳ ಗಂಡ ಅದೇ ಮನೆಯ ಆವಿ ಹಂಡೆಗೆ ಬೆಂಕಿ ಹಾಕಿ ಹಾಕಿ, ಈಗ ಉಸಿರು ಎಳೆದುಕೊಳ್ಳುತ್ತ ಮನೆಯಲ್ಲಿ ಮಲಗಿದ್ದ. ಅವನ ತಂಗಿ, ಅಂದರೆ ದೊಡ್ಡಕ್ಕನ ನಾದಿನಿ, ಇಸ್ತ್ರಿ ಮೇಜಿನವಳು. ದೊಡ್ಡಕ್ಕ ಮದುವೆಯಾಗಿ ಬಂದಾಗ ನಾದಿನಿ ಇನ್ನೂ ಹಾಲುಹಲ್ಲಿನ ಹುಡುಗಿ. ತಲೆ ಬಾಚಿ, ಉಣ್ಣಿಸಿ, ಶಾಲೆಗೆ ಕಳಿಸಿ ಬೆಳೆಸಿದ್ದು ಅತ್ತಿಗೆಯೇ. ಈಗ ನಾದಿನಿಗೂ ಎರಡು ಮಕ್ಕಳು. ಗಂಡ ಎಲ್ಲೋ ಹೋದವನು ಹೋಗಿಯೇಬಿಟ್ಟಿದ್ದ. ಒಂದೇ ಕೋಣೆಯಲ್ಲಿ ಇಷ್ಟೂ ಜನ, ಇಬ್ಬರ ದುಡಿಮೆಯಲ್ಲಿ.

ಒಗೆಯುವ ಮನೆಯಲ್ಲಿ ಯಾವ ಕೆಲಸವೂ ಒಬ್ಬಳದಲ್ಲ. ನೆನೆದ ಹಾಸುಬಟ್ಟೆಯನ್ನು ಒಬ್ಬಳು ಹಿಂಡಲಾರಳು. ಇಬ್ಬರು ಎದುರುಬದುರು ನಿಂತು ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ತಿರುಚಬೇಕು. ಹೆರಿಗೆ ವಾರ್ಡಿನಿಂದ ಬರುವ ರಕ್ತದ ಗಂಟು ಸರದಿಯ ಮೇಲೆ ಎಲ್ಲರ ಪಾಲಿಗೂ ಬರುತ್ತಿತ್ತು. ಮೈ ಸರಿಯಿಲ್ಲದವಳ ಪಾಲನ್ನು ಪಕ್ಕದವಳು ಮಾತಿಲ್ಲದೆ ಎತ್ತಿಕೊಳ್ಳುತ್ತಿದ್ದಳು. ಸಂಬಳವೂ ಎಲ್ಲರಿಗೂ ಒಂದೇ. ಅದು ತಿಂಗಳ ಕೊನೆ ಮುಟ್ಟುತ್ತಿರಲಿಲ್ಲ ಎನ್ನುವುದರಲ್ಲೂ ಎಲ್ಲರೂ ಸಮಾನರೇ.

ಹೀಗಿರುವಾಗ ಸುಧಾರಣೆ ಬಂತು. ಅದು ಇಸ್ತ್ರಿ ಕೆಡದ ಅಂಗಿ ಹಾಕಿಕೊಂಡು, ಆಸ್ಪತ್ರೆಯ ಮೇಲಧಿಕಾರಿಯ ಜೊತೆ, ಒದ್ದೆ ನೆಲದ ಮೇಲೆ ಬೂಟು ಎತ್ತೆತ್ತಿ ಇಡುತ್ತ ಬಂತು. ವಯಸ್ಸು ಚಿಕ್ಕದು, ಮಾತು ಮೃದು. ಸುಧಾರಣಾ ಕಚೇರಿಯ ಅಧಿಕಾರಿಯಂತೆ.

"ನಿಮಗೆಲ್ಲ ಒಂದು ಒಳ್ಳೆ ಸುದ್ದಿ" ಎಂದ ಅಧಿಕಾರಿ. "ಮುಂದಿನ ತಿಂಗಳಿಂದ ನೀವು ಯಾರ ಕೈಕೆಳಗಿನ ಆಳುಗಳೂ ಅಲ್ಲ. ನೀವೆಲ್ಲ ಉದ್ಯಮಿಗಳು."

ಹನ್ನೆರಡು ಮಂದಿಯಲ್ಲಿ ಬಾಯಿ ಸುಮ್ಮನಿರದವಳೊಬ್ಬಳಿದ್ದಳು, ಅವಳನ್ನು ಗಿಳಿ ಎಂದೇ ಕರೆಯುತ್ತಿದ್ದರು. "ಹಂಗಂದ್ರೆ ಸಂಬಳ ಜಾಸ್ತಿನಾ ಸಾರ್?" ಎಂದಳು.

"ಸಂಬಳ ಇರಲ್ಲಮ್ಮ. ಉದ್ಯಮಿಗೆ ಯಾರಾದ್ರೂ ಸಂಬಳ ಕೊಡ್ತಾರಾ?"

ದೇಶ ಹೊರಗಿನವರ ಹತ್ತಿರ ದೊಡ್ಡ ಸಾಲ ತಂದಿದೆ, ಸರ್ಕಾರ ಬಟ್ಟೆ ಒಗೆಯುವುದು, ಕಸ ಗುಡಿಸುವುದು ಬಿಡಬೇಕು ಎಂಬುದು ಕೊಟ್ಟವರ ಷರತ್ತು ಎಂದು ಅವನು ಬಿಡಿಸಿ ಹೇಳಿದ. ಇನ್ನು ಮೇಲೆ ಒಂದೊಂದು ವಾರ್ಡಿನ ಬಟ್ಟೆಯೂ ಬೇರೆ ಬೇರೆ ಗುತ್ತಿಗೆ. ಒಂದು ಹಾಸುಬಟ್ಟೆಗೆ ಇಷ್ಟು ಎಂದು ಪ್ರತಿಯೊಬ್ಬಳೂ ದರ ಬರೆದು ಕೊಡಬೇಕು. ಯಾರದು ಕಡಿಮೆಯೋ ಅವರಿಗೆ ಕೆಲಸ.

"ಮಿಕ್ಕೋರು?" ಎಂದಳು ದೊಡ್ಡಕ್ಕ.

"ಮುಂದಿನ ಸಲ ಇನ್ನೂ ಚೆನ್ನಾಗಿ ಸ್ಪರ್ಧೆ ಮಾಡ್ತಾರೆ" ಎಂದ ಅಧಿಕಾರಿ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ಅವನ ದೊಡ್ಡ ದೋಷ.

ಅವರು ಹೋದ ಮೇಲೆ ಸೋಡಾ ತೊಟ್ಟಿಯ ಸುತ್ತ ಗುಸುಗುಸು ಶುರುವಾಯಿತು. ಒಬ್ಬಳು ಇನ್ನೊಬ್ಬಳ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು. ಹಾಗೆ ನೋಡುವುದು ಆ ಮನೆಯಲ್ಲಿ ಅದೇ ಮೊದಲು.

"ನಾನಂತೂ ಸ್ವಲ್ಪ ಇಳಿಸಿಯೇ ಬರೀತೀನಿ. ನನ್ನ ಹೊಟ್ಟೆ ನಾನು ನೋಡ್ಕೋಬೇಡ್ವಾ?" ಎಂದಳು ಗಿಳಿ.

"ಇಳಿಸು" ಎಂದಳು ದೊಡ್ಡಕ್ಕ. "ನೀನು ಸ್ವಲ್ಪ ಇಳಿಸ್ತೀಯ. ಇವಳು ಇನ್ನಷ್ಟು ಇಳಿಸ್ತಾಳೆ. ಕೊನೆಗೆ ಯಾರು ಬಿಟ್ಟಿ ಒಗೀತೀನಿ ಅಂತಾಳೋ ಅವಳು ಗೆದ್ದಳು. ಗೆದ್ದು ಏನು ತಿಂತಾಳೆ, ಸೋಪಾ?"

ಯಾರೋ ಕಿಸಕ್ಕೆಂದರು. ಗಿಳಿಯೂ ನಕ್ಕಳು.

"ಎಲ್ಲರೂ ಒಂದೇ ದರ ಬರೆಯೋಣ ಕಣ್ರೇ" ಎಂದಳು ದೊಡ್ಡಕ್ಕ. "ಈಗ ಬರ್ತಿರೋ ಸಂಬಳಕ್ಕೆ ಎಷ್ಟು ಬೀಳುತ್ತೋ ಅಷ್ಟೇ, ಒಂದು ಕಾಸು ಹೆಚ್ಚು ಬೇಡ. ಕಮ್ಮಿ ಯಾರದೂ ಇಲ್ಲ ಅಂದ್ಮೇಲೆ ಹಂಚಿ ಕೊಡಲೇಬೇಕಲ್ವಾ?"

ಎಲ್ಲರ ಮುಖವೂ ಅರಳಿತು. ಇಷ್ಟು ಸುಲಭದ ಉಪಾಯ ಓದಿದ ಸಾಹೇಬರಿಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಪಾಪ ಎನಿಸಿತು. ಅಕ್ಷರ ಬರುತ್ತಿದ್ದುದು ನಾದಿನಿಗೆ ಮಾತ್ರ. ಅವಳು ಇಸ್ತ್ರಿ ಮೇಜಿನ ಮೇಲೆ ಹನ್ನೆರಡು ಕಾಗದ ಹರಡಿಕೊಂಡು, ಒಂದೇ ಲೇಖನಿಯಲ್ಲಿ, ಹನ್ನೆರಡು ಜನರ ದರವನ್ನೂ ದುಂಡಗೆ ಬರೆದಳು. ಕೊನೆಯದನ್ನು ಎತ್ತಿ ಹಿಡಿದು "ಚೆನ್ನಾಗಿ ಬಂದಿದೆ ಅಲ್ವಾ ಅತ್ತಿಗೆ?" ಎಂದಳು. ಇದರಲ್ಲಿ ಮುಚ್ಚಿಡುವುದೇನಾದರೂ ಇದೆ ಎಂದು ಒಬ್ಬಳ ತಲೆಗೂ ಬರಲಿಲ್ಲ. ಕಳ್ಳತನದ ಅಭ್ಯಾಸ ಇದ್ದವರಾದರೆ ತಾನೆ ಬರುವುದು!

ದರದ ಕಾಗದಗಳನ್ನು ಬಿಚ್ಚಿ ಓದಿದ ದಿನ ಇನ್ನೂ ಮೂರು ದರಗಳು ಬಂದಿದ್ದವು. ಒಂದು ಕಸದ ಲಾರಿಗಳ ಗುತ್ತಿಗೆದಾರನದು, ಒಂದು ಅವನ ಹೆಂಡತಿಯದು, ಇನ್ನೊಂದು ಅವನ ಭಾವಮೈದುನನದು. ಮೂವರದೂ ಒಂದೇ ಮನೆ, ಒಂದೇ ಒಲೆ. ಆದರೆ ಮೂರು ದರವೂ ಬೇರೆ ಬೇರೆ, ಮೂರೂ ಹೆಂಗಸರ ದರಕ್ಕಿಂತ ಮೇಲೆ. ಗಿಳಿ ಮೆಲ್ಲಗೆ ದೊಡ್ಡಕ್ಕನ ಕೈ ಅದುಮಿದಳು. ಗೆದ್ದೆವು ಎಂದೇ ಎಲ್ಲರೂ ತಿಳಿದರು.

ಅಧಿಕಾರಿ ಮಾತ್ರ ಹನ್ನೆರಡು ಕಾಗದಗಳನ್ನು ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದ. ಅವನ ಮುಖ ಸಪ್ಪಗಾಯಿತು. "ಏನಮ್ಮಾ ಇದು? ಇದಕ್ಕೆ ಒಳಸಂಚು ಅಂತಾರೆ" ಎಂದ.

ವಾರ ಕಳೆಯುವುದರಲ್ಲಿ ಹನ್ನೆರಡು ಜನಕ್ಕೂ ಸ್ಪರ್ಧಾ ಮಂಡಳಿಯ ಕರೆ ಬಂತು. ದೊಡ್ಡ ದೊಡ್ಡ ಕಂಪನಿಗಳು ಕೂಡಿಕೊಂಡು ಜನರನ್ನು ಸುಲಿಯಬಾರದೆಂದು ಹುಟ್ಟಿದ ಮಂಡಳಿ ಅದು. ಹುಟ್ಟಿದಂದಿನಿಂದ ಒಂದು ಕಂಪನಿಯೂ ಅದರ ಬಲೆಗೆ ಬಿದ್ದಿರಲಿಲ್ಲ. ಮೊದಲ ಬೇಟೆ ಬಟ್ಟೆ ಒಗೆಯುವ ಹೆಂಗಸರು.

ಮಂಡಳಿಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಅವರು ಮಾತು ಕೊಟ್ಟುಕೊಂಡರು. ಏನು ಕೇಳಿದರೂ ಗೊತ್ತಿಲ್ಲ ಅನ್ನುವುದು. ಯಾರೂ ಯಾರ ಹೆಸರನ್ನೂ ಎತ್ತಕೂಡದು. ಮೊದಲು ಒಳಗೆ ಕರೆದದ್ದು ದೊಡ್ಡಕ್ಕನನ್ನು.

ಒಳಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಹಾಗೆ ಮರ್ಯಾದೆ ಮಾಡಿದ್ದರಿಂದಲೇ ಅವಳಿಗೆ ಹೆದರಿಕೆಯಾಯಿತು. ಮೇಜಿನ ಹಿಂದಿದ್ದವನು ನಿಯಮವನ್ನು ಗಡಗಡನೆ ಓದಿದ. ಅವಳಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಆಮೇಲೆ ಅವನು ಹೇಳಿದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು.

"ಎಲ್ಲಾ ಒಂದೇ ಕೈಬರಹ. ಬರೆದವಳು ಯಾರು ಅಂತ ನಮಗೆ ಗೊತ್ತಾಗಿದೆ. ಅವಳೇ ಮುಖ್ಯ ಆರೋಪಿ ಆಗ್ತಾಳೆ. ಜೈಲಾದ್ರೂ ಆಗಬಹುದು."

ಕೊಟ್ಟ ಮಾತು, ಕಟ್ಟಿಕೊಂಡ ಧೈರ್ಯ ಎಲ್ಲ ಹಾರಿಹೋಗಿ ನಾದಿನಿಯ ಎರಡು ಮಕ್ಕಳಷ್ಟೇ ದೊಡ್ಡಕ್ಕನ ಕಣ್ಣ ಮುಂದೆ ಉಳಿದರು.

"ಅವಳದೇನೂ ಇಲ್ಲ ಸ್ವಾಮಿ! ಎಲ್ಲಾ ನಾನೇ. ಒಂದೇ ದರ ಬರೆಯೋಣ ಅಂದಿದ್ದು ನಾನು, ಬರೆ ಅಂತ ಅವಳ ಮುಂದೆ ಕಾಗದ ಇಟ್ಟಿದ್ದೂ ನಾನು. ಮಿಕ್ಕೋರು ಹೂಂ ಅಂದ್ರು, ಅಷ್ಟೇ. ಏನು ಶಿಕ್ಷೆ ಇದ್ರೂ ನನಗೆ ಕೊಡಿ."

"ಎಲ್ಲರೂ ಹೂಂ ಅಂದ್ರಾ?"

"ಅಂದ್ರು ಸ್ವಾಮಿ. ನನ್ನ ಮೇಲಿನ ನಂಬಿಕೆಗೆ ಅಂದ್ರು. ಪಾಪದವರು."

ಅವನು ತೃಪ್ತಿಯಿಂದ ತಲೆಯಾಡಿಸಿದ. "ನಿಮ್ಮ ಸಹಕಾರ ದೊಡ್ಡದು ತಾಯಿ" ಎಂದ. ಅವಳು ಹೆಬ್ಬೆಟ್ಟು ಒತ್ತಿದಳು. ಎಲ್ಲರ ತಪ್ಪನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡೆ ಎಂಬ ಸಮಾಧಾನದಲ್ಲಿ ಹೊರಗೆ ಬಂದಳು. ಉಳಿದವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಕೊಟ್ಟ ಮಾತಿನಂತೆ ಗೊತ್ತಿಲ್ಲ ಎಂದು ಬಂದರು.

ಅಧಿಕಾರಿ ತೀರ್ಪನ್ನು ಓದಿದ್ದು ಒಗೆಯುವ ಮನೆಯ ಅಂಗಳದಲ್ಲಿ. ಹನ್ನೊಂದು ಜನ ಸಂಚು ಮಾಡಿದ್ದಲ್ಲದೆ ಮಂಡಳಿಯ ಮುಂದೆ ಸುಳ್ಳನ್ನೂ ಹೇಳಿದ್ದಾರೆ. ಇನ್ನು ಐದು ವರ್ಷ ಯಾವ ಸರ್ಕಾರಿ ಜಾಗದಲ್ಲೂ, ಯಾವ ಗುತ್ತಿಗೆಯಲ್ಲೂ ಅವರಿಗೆ ಕೆಲಸವಿಲ್ಲ. ಗುತ್ತಿಗೆದಾರನ ಮೂರು ದರಗಳು ಬೇರೆ ಬೇರೆ ಇರುವುದರಿಂದ ಅಲ್ಲಿ ಆರೋಗ್ಯಕರ ಸ್ಪರ್ಧೆ ನಡೆದಿದೆ. ಎಲ್ಲ ವಾರ್ಡೂ ಅವನಿಗೆ. ಕೊನೆಗೆ ಇನ್ನೊಂದು ಮಾತು: ಸಂಚನ್ನು ಮೊದಲು ಬಯಲು ಮಾಡಿದವರನ್ನು ಕ್ಷಮಿಸಬೇಕೆಂಬುದು ನಿಯಮ. ಆದ್ದರಿಂದ ದೊಡ್ಡಕ್ಕನಿಗೆ ಪೂರ್ತಿ ಕ್ಷಮೆ, ಅವಳ ಕೆಲಸಕ್ಕೆ ಧಕ್ಕೆಯಿಲ್ಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ನಿನ್ನನ್ನ ಉಳಿಸೋಕೆ ಹೇಳ್ದೆ ಕಣೇ" ಎಂದು ದೊಡ್ಡಕ್ಕ ನಾದಿನಿಯ ಕೈ ಹಿಡಿದಳು.

"ಉಳಿದಿದ್ದು ಯಾರು ಅತ್ತಿಗೆ?" ಎಂದಳು ನಾದಿನಿ. ಕೈ ಬಿಡಿಸಿಕೊಂಡಳು.

ದೊಡ್ಡಕ್ಕ ಅಧಿಕಾರಿಯ ಹಿಂದೆ ಗೇಟಿನವರೆಗೂ ಓಡಿದಳು. "ಸಾರ್, ಈ ಕ್ಷಮೆ ನನಗೆ ಬೇಡ. ವಾಪಸ್ ತಗೊಂಡು ಶಿಕ್ಷೆ ಕೊಡಿ. ಇಲ್ಲಾಂದ್ರೆ ಅವರಿಗೂ ಕ್ಷಮೆ ಕೊಡಿ."

ಅವನಿಗೆ ನಿಜವಾಗಿಯೂ ಮರುಕವಾದಂತಿತ್ತು. "ಕ್ಷಮೆ ವಾಪಸ್ ತಗೊಳ್ಳೋಕೆ ನಿಯಮ ಇಲ್ಲಮ್ಮ" ಎಂದ.

ಮನೆಯಲ್ಲಿ ನಾದಿನಿ ಎರಡು ದಿನ ಮಾತಾಡಲಿಲ್ಲ. ಮಕ್ಕಳನ್ನು ಅತ್ತಿಗೆಯ ಹಾಸಿಗೆಯಿಂದ ತನ್ನ ಮೂಲೆಗೆ ಎಳೆದುಕೊಂಡಳು. ಗಂಡ ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದ. ಮೂರನೆಯ ಬೆಳಿಗ್ಗೆ ಹಿಟ್ಟಿನ ಡಬ್ಬ ತಳ ಕಂಡಾಗ ನಾದಿನಿ ಬಾಯಿ ಬಿಟ್ಟಳು. "ಕೆಲಸಕ್ಕೆ ಹೋಗಿ. ಮಕ್ಕಳ ಹೊಟ್ಟೆಗೆ ನಿಮ್ಮ ಮೇಲೆ ಕೋಪ ಇಲ್ಲ."

ದೊಡ್ಡಕ್ಕ ಹೋದಳು. ಹೋಗದೆ ಏನು ಮಾಡಿಯಾಳು?

ಗುತ್ತಿಗೆದಾರನ ಭಾವಮೈದುನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆಲ್ಲ ಹೊಸ ಹೆಂಗಸರು, ಬೇರೆ ಬೇರೆ ಕಡೆಯಿಂದ ತಂದು ತುಂಬಿದವರು. ಒಬ್ಬೊಬ್ಬಳ ಜೊತೆಗೂ ಅವನು ಬೇರೆ ಬೇರೆ ಕೂಲಿ ಮಾತಾಡಿಕೊಂಡಿದ್ದ. ಎಲ್ಲರಿಗೂ ಒಂದು ಎಚ್ಚರಿಕೆ ಕೊಟ್ಟಿದ್ದ: ತನ್ನ ಕೂಲಿ ಎಷ್ಟೆಂದು ಯಾರೂ ಯಾರಿಗೂ ಹೇಳಕೂಡದು. ಯಾರಾದರೂ ಹೇಳಿದರೆ ಕೇಳಿಸಿಕೊಂಡವರು ಮೊದಲು ಬಂದು ತಿಳಿಸಬೇಕು. ತಿಳಿಸಿದವರ ಕೆಲಸ ಉಳಿಯುತ್ತದೆ. ಮಂಡಳಿಯ ನಿಯಮ ಅವನಿಗೆ ಬಹಳ ಹಿಡಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಕ್ಕನ ಎದುರು ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದ ಹೊಸಬಳು ಮೆಲ್ಲಗೆ ಕೇಳಿದಳು. "ಅಮ್ಮಾ, ನಿಮಗೆ ದಿನಕ್ಕೆ ಎಷ್ಟು ಕೊಡ್ತಾರೆ?"

ದೊಡ್ಡಕ್ಕ ಬಟ್ಟೆ ಕೆಳಗೆ ಬಿಟ್ಟು, ತನ್ನ ಕೂಲಿ ಎಷ್ಟೆಂದು ಇಡೀ ಮನೆಗೆ ಕೇಳುವಂತೆ ಕೂಗಿದಳು. "ನಿಮಗೆಷ್ಟು? ಹೇಳ್ರೇ, ಒಬ್ಬೊಬ್ಬರಾಗಿ ಹೇಳಿ! ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ?"

ಹೆಂಗಸರು ತಲೆ ಎತ್ತಲಿಲ್ಲ. ತೊಟ್ಟಿಯ ಬಳಿ ಇದ್ದವಳು ಒಂದು ಹೆಜ್ಜೆ ದೂರ ಸರಿದಳು. ಸ್ವಲ್ಪ ಹೊತ್ತಿಗೆ ದೊಡ್ಡಕ್ಕನನ್ನು ಬಾಗಿಲಿಗೆ ಕರೆಸಿ, ನಾಳೆಯಿಂದ ಬರಬೇಡ ಎಂದರು. ಒಳಗೆ ಕೂಗಿದ್ದು ಬಾಗಿಲವರೆಗೆ ಕೇಳುವುದಿಲ್ಲ, ಆವಿಯ ಗದ್ದಲದಲ್ಲಿ. ಯಾರೋ ಹೋಗಿ ಹೇಳಿರಲೇಬೇಕು.

ಅವಳು ಗೇಟು ದಾಟುತ್ತಿದ್ದಾಗ ಹೊಸಬಳು ಓಡಿಬಂದಳು. ಕಣ್ಣು ಕೆಂಪಾಗಿತ್ತು.

"ನಾನೇ ಹೇಳಿದ್ದು ಅಮ್ಮಾ. ಇನ್ಯಾರಾದ್ರೂ ಮೊದಲು ಹೇಳಿಬಿಟ್ರೆ ನನ್ನನ್ನ ತೆಗೀತಾರಲ್ಲ ಅಂತ. ಮನೇಲಿ ಎಳೇ ಕೂಸಿದೆ. ತಪ್ಪು ತಿಳ್ಕೋಬೇಡಿ."

"ತಿಳ್ಕೊಳ್ಳಲ್ಲ" ಎಂದಳು ದೊಡ್ಡಕ್ಕ. ಅವಳಿಗೆ ನಿಜಕ್ಕೂ ಸಿಟ್ಟು ಬರಲಿಲ್ಲ, ಬರಲಿ ಎಂದು ಕಾದರೂ ಬರಲಿಲ್ಲ. "ನನ್ನದೆಷ್ಟು ಅಂತ ನಿನಗೆ ಗೊತ್ತಾಯ್ತಲ್ಲ. ಈಗ ನಾನು ಹೊರಗಿನವಳು, ಇಲ್ಲಿ ಬೇರೆ ಯಾರೂ ಇಲ್ಲ. ನಿನ್ನದೆಷ್ಟು ಅಂತ ಹೇಳು."

ಹೊಸಬಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ಹೇಳಲಿಲ್ಲ.