ಪುಂಡಿನಾರಿನ ಪಟ್ಟಿ

ಮೊಣಕಾಲಿನ ಕೆಳಗೆ ಒಂದು ಕಾಲಿಲ್ಲದ ತಾಯಿ ಆದಮ್ಮನಿಗೆ ಕೃತಕ ಕಾಲು ಮಾಡಲೆಂದು ವೆಂಕೋಬ, ಸಿಂಧನೂರಿನಿಂದ ರಾಳ ತಂದು, ಹಗ್ಗ ಹೊಸೆಯುವ ಪುಂಡಿನಾರಿನ ಮೇಲೆ ಎರೆದು ಗಟ್ಟಿ ಪಟ್ಟಿ ಮಾಡಿದ್ದ. ಅದು ಅವಳ ಭಾರ ತಡೆಯುವುದೇ ಎಂದು ನೋಡಲು ಎರಡು ಕಲ್ಲುಗಳ ಮೇಲಿಟ್ಟು, ನಡುವೆ ಭತ್ತದ ಚೀಲ ತೂಗಿಬಿಟ್ಟ. ಪಟ್ಟಿ ಬಾಗಿ ಮುರಿಯಿತು.

"ನಾ ಭಾಳ ಭಾರ ಅದೀನೇನಪ್ಪಾ?" ಎಂದಳು ಆದಮ್ಮ.

ಮುರಿದಲ್ಲಿ ನಾರು ರಾಳವನ್ನು ಬಿಟ್ಟು ಎದ್ದಿತ್ತು; ಒಳಗೆಲ್ಲ ಗುಳ್ಳೆ.

"ಭಾರ ಅಲ್ಲಬೇ, ನಾರು ಹಸಿ ಐತಿ, ರಾಳ ಹಿಡಿದಿಲ್ಲ. ಒಣಗಿಸಿ ಇಟ್ಟಿದ್ನಲ್ಲ?"

ಅವಳು ತಲೆ ತಗ್ಗಿಸಿದಳು. "ಹಗ್ಗ ಹೊಸಿಯಾಗ ನೀರು ಚಿಮುಕಸ್ತೀವಲ್ಲ, ಇದಕ್ಕೂ ಚಿಮುಕಿಸಿದ್ದೆ. ನಾರು ಕಡೀಬಾರದಂತ."

ಸ್ವಲ್ಪ ಹೊತ್ತಿನ ಮೇಲೆ ಆದಮ್ಮ ತೆವಳುತ್ತ ಹೋಗಿ, ಉಳಿದ ನಾರನ್ನು ಬಿಸಿಲಿಗೆ ಹರಡಿ, ನೀರಿನ ಕೊಡವನ್ನು ದೂರ ಸರಿಸಿ, ಕಾಯುತ್ತ ಕುಳಿತಳು.