ಮುಂದಿನ ಭಾನುವಾರದ ಟೀವಿ

"ಒಂದೇ ಒಂದು ವಾರ ಅತ್ತಿಗೆ. ಮುಂದಿನ ಭಾನುವಾರ ನಾನೇ ಬಂದು ಎತ್ಕೊಂಡು ಹೋಗ್ತೀನಿ. ಮಾತು ಅಂದ್ರೆ ಮಾತು."

ಮೈದುನ ಎದೆ ತಟ್ಟಿಕೊಂಡು ಹೀಗೆ ಹೇಳಿದಾಗ ಅವಳ ಮಗಳು ಅಂಬೆಗಾಲಿಡುತ್ತಿದ್ದಳು. ತನ್ನ ಮನೆಗೆ ಗೋಡೆಗೆ ತೂಗುಹಾಕುವ ಹೊಸ ಟೀವಿ ತಂದವನು, ಹಳೆಯ ಡಬ್ಬಾ ಟೀವಿಯನ್ನು ಅಣ್ಣನ ನಡುಮನೆಯಲ್ಲಿ ಇಳಿಸಿ, ಟೀ ಕುಡಿದು ಹೊರಟುಹೋದ. ಮಗಳು ಎದ್ದು ನಿಂತಳು, ಓಡಿದಳು, ಶಾಲೆ ಸೇರಿದಳು. ಈಗ ಅಮ್ಮನ ಚಪ್ಪಲಿ ಅವಳ ಕಾಲಿಗೆ ಬಿಗಿ. ಆ ಮುಂದಿನ ಭಾನುವಾರ ಮಾತ್ರ ಇನ್ನೂ ಬಂದಿರಲಿಲ್ಲ.

ಟೀವಿಯಾದರೂ ಎಂಥದ್ದು! ಬೀಗರ ಮನೆಯಲ್ಲಿ ಉಂಡು ಕೂತ ಹಿರಿಯರ ಹಾಗೆ ಮೈ ಬಿಟ್ಟುಕೊಂಡು ಕೂತಿತ್ತು. ಚಿತ್ರ ಹೋಗಿ ಎಷ್ಟೋ ಕಾಲವಾಗಿತ್ತು, ಆಮೇಲೆ ದನಿಯೂ ಹೋಯಿತು. ಉಳಿದದ್ದು ಅದರ ತಲೆ. ಅದರ ಮೇಲೆ ಮಡಚದ ಬಟ್ಟೆ, ಕರೆಂಟು ಬಿಲ್ಲು, ಯಾರದೋ ಒಂಟಿ ಸಾಕ್ಸು. ಮನೆಗೆ ಸುಣ್ಣ ಬಣ್ಣ ಮಾಡಿಸಿದಾಗಲೂ ಅದನ್ನು ಸರಿಸುವ ಗೋಜಿಗೆ ಯಾರೂ ಹೋಗದೆ, ಸುತ್ತ ಬಳಿದು ಕೈ ತೊಳೆದುಕೊಂಡಿದ್ದರು.

ಇಷ್ಟು ದಿನ ಅವಳೂ ಸಹಿಸಿದಳು. ಈಗ ಆಗುವಂತಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅತ್ತೆಯನ್ನು ನಾಳೆ ಸೋಮವಾರ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಿದ್ದರು. ಇನ್ನು ಕೆಲವು ತಿಂಗಳು ಗಾಲಿಕುರ್ಚಿಯೇ ಅತ್ತೆಯ ಕಾಲು. ಬಾಡಿಗೆಗೆ ತಂದ ಕುರ್ಚಿ ಮಡಚಿಕೊಂಡು ಮೆಟ್ಟಿಲ ಕೆಳಗೆ ಕಾದಿತ್ತು. ನಡುಮನೆಯಿಂದ ಬಚ್ಚಲಿಗೆ ಹೋಗುವ ದಾರಿಗೇ ಮೈ ಚಾಚಿ ಗೋಡೆಗೊರಗಿದ ಟೀವಿ. ಸೊಸೆ ಕಾರ್ಖಾನೆಗೆ ಹೋದ ಮೇಲೆ ಮುದುಕಿ ಬಚ್ಚಲಿಗೆ ಹೋಗುವುದು ಹೇಗೆ? ಆಸ್ಪತ್ರೆಯ ಮಂಚದ ಮೇಲೆ ಅತ್ತೆ ಅವಳ ಕೈ ಹಿಡಿದು ಕೇಳಿದ್ದು ಅದೊಂದನ್ನೇ: "ನನ್ನ ಕೆಲಸ ನಾನು ಮಾಡ್ಕೊಳ್ಳೋ ಹಾಗೆ ಮಾಡಮ್ಮ. ಬಟ್ಟೇಲಿ ಮಾಡ್ಕೊಂಡು ಬಿದ್ದಿರೋ ಹಾಗೆ ಮಾತ್ರ ಆಗಬಾರದು."

ಅವಳು ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವಳು. ದಿನವಿಡೀ ಅಂಗಿಗಳನ್ನು ಮಗುಚಿ ಹಾಕಿ ತಪ್ಪಿದ ಹೊಲಿಗೆ, ಸಡಿಲ ಗುಂಡಿ ಹುಡುಕುವುದು. ಮನೆಗೆ ಬಂದರೂ ಆ ಕಣ್ಣಿಗೆ ರಜೆಯಿಲ್ಲ. ಮನೆಯಲ್ಲಿ ತಪ್ಪಿದ ಹೊಲಿಗೆಗಳಿಗೆ ಬರವೂ ಇಲ್ಲ. ದೊಡ್ಡ ತಪ್ಪಿದ ಹೊಲಿಗೆ ಎಂದರೆ ಗಂಡನೇ.

"ಸುಮ್ನೆ ಕೊಡೋದಾ? ಹಳೇ ಕಾಲದ ಮಾಲು ಕಣೇ. ಹುಡುಕಿಕೊಂಡು ಬರ್ತಾರೆ," ಎಂದು ಗಂಡ ವಾರದ ಹಿಂದೆ ಫೋನಿನಲ್ಲಿ ಮಾರಾಟಕ್ಕಿದೆಯೆಂದು ಅದರ ಫೋಟೋ ಹಾಕಿದ್ದ. ಹುಡುಕಿಕೊಂಡು ಬಂದದ್ದು ಒಂದು ಜೋಡಿ. ಟೀವಿಯ ಪಕ್ಕ ಕೆನ್ನೆ ಇಟ್ಟು ಫೋಟೋ ತೆಗೆಸಿಕೊಂಡು, "ಎಷ್ಟು ಮುದ್ದಾಗಿದೆ ಅಲ್ವಾ!" ಎಂದು ಹೇಳಿ ಬರಿಗೈಯಲ್ಲಿ ಹೋಯಿತು. ಆಮೇಲೆ ಬಂದವನು ಗುಜರಿಯವನು. ಟೀವಿಯನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿ, ಯಾವುದಕ್ಕೂ ಬೆಲೆ ಬಾರದೆಂದು ತೀರ್ಮಾನಿಸಿದವನ ಹಾಗೆ ನಕ್ಕ.

"ಒಳಗಿನ ತಂತಿ ಕೊಡಿ, ಸಾಕು. ಉಳಿದದ್ದು ಆ ಶಾಲೆ ಹಿಂದಿನ ಮೋರೀಲಿ ಒಡೆದು ಬಿಸಾಕ್ತೀನಿ."

"ನನ್ನ ಮಗಳು ಓದೋ ಶಾಲೆ ಅದು," ಎಂದು ಅವಳು ಬಾಗಿಲು ತೋರಿಸಿದಳು. ಹಳೆಯ ಎಲೆಕ್ಟ್ರಿಕ್ ಸಾಮಾನು ತೆಗೆದುಕೊಳ್ಳುವ ಯಾರ್ಡೊಂದು ಊರಾಚೆ ಇದೆಯೆಂದು ಕಾರ್ಖಾನೆಯ ಗೆಳತಿ ಹೇಳಿದ್ದಳು. ಭಾನುವಾರವೂ ತೆರೆದಿರುತ್ತದೆ, ಒಡೆಯದೆ ತರಬೇಕು, ಅಷ್ಟೇ.

ಇನ್ನು ಸಾಗಿಸುವವರು ಬೇಕು. ಅವಳು ಮೈದುನನಿಗೆ ಫೋನ್ ಮಾಡಿದಳು.

"ಏನತ್ತಿಗೆ, ಚೆನ್ನಾಗಿದೀರಾ? ಅಂಗಡೀಲಿ ಉಸಿರಾಡೋಕೂ ಪುರುಸೊತ್ತಿಲ್ಲ ನೋಡಿ..."

"ಟೀವಿ ವಿಷಯಕ್ಕಲ್ಲ ಕಣಪ್ಪ, ಗಾಬರಿ ಆಗಬೇಡ. ಅದು ಇಲ್ಲೇ ಇರಲಿ ಪಾಪ. ಅದಿದ್ರೆ ವೀಲ್‌ಚೇರ್ ತಿರುಗಲ್ಲ, ಅಷ್ಟೇ. ನಿಮ್ಮನೇಲಿ ಜಾಗ ಧಾರಾಳ, ಬಚ್ಚಲೂ ಕೋಣೆ ಪಕ್ಕದಲ್ಲೇ. ನಾಳೆ ಅತ್ತೇನ ನೇರ ಅಲ್ಲಿಗೇ ಕರ್ಕೊಂಡು ಬರ್ತೀವಿ. ಹಾಸಿಗೆ ಹಾಸಿಡೋಕೆ ಹೇಳು."

ಆ ಕಡೆ ಗಲ್ಲಾಪೆಟ್ಟಿಗೆ ಮುಚ್ಚಿದ ಸದ್ದು ಕೇಳಿತು.

"ಅತ್ತಿಗೆ," ಎಂದ ಮೈದುನ, ಬಹಳ ಮೆತ್ತಗೆ. "ಇವತ್ತು ಭಾನುವಾರ ಅಲ್ವಾ?"

ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಲಗೇಜ್ ಆಟೋ ಬಾಗಿಲಿಗೆ ಬಂದು ನಿಂತಿತು. ಇಷ್ಟು ವರ್ಷ ಸಿಗದಿದ್ದ ಪುರುಸೊತ್ತು ಎಲ್ಲಿಂದ ಒದಗಿತೋ! ಅಣ್ಣ ತಮ್ಮ ಇಬ್ಬರೂ ಹಳೆಯ ಜಮಖಾನ ಸುತ್ತಿ, ತಿಣುಕಿ, ಮುಲುಗಿ, ಟೀವಿಯನ್ನು ಬಾಗಿಲವರೆಗೆ ತಂದರು. ಅಲ್ಲಿ ಅದು ಸಿಕ್ಕಿಕೊಂಡಿತು. ಅಡ್ಡ ತಿರುಗಿಸಿದರು, ಸೊಟ್ಟ ಮಾಡಿದರು, ಒಬ್ಬರನ್ನೊಬ್ಬರು ಬೈದರು. ಊಹೂಂ. ಕೊನೆಗೆ ಒಳಗೇ ಇಳಿಸಿ ಪಕ್ಕಕ್ಕೆ ಸರಿಸಿದರು.

"ಒಳಗೆ ಬಂದಿದ್ದು ಹೊರಗೆ ಯಾಕೆ ಹೋಗಲ್ಲ ಅಣ್ಣ?"

ಉತ್ತರ ಬಾಗಿಲಲ್ಲೇ ಇತ್ತು. ಗಂಡ ವೆಲ್ಡಿಂಗ್ ಕೆಲಸದವನು. ಟೀವಿ ಬಂದ ಮರುವರ್ಷ, ಯಾವುದೋ ಗೋದಾಮಿನ ಕೆಲಸದಲ್ಲಿ ಮಿಕ್ಕ ದಪ್ಪ ಕಬ್ಬಿಣ ತಂದು ಬಾಗಿಲ ಚೌಕಟ್ಟಿನ ಒಳಗೆ ಇನ್ನೊಂದು ಚೌಕಟ್ಟು ಕೂರಿಸಿ, ಗ್ರಿಲ್ ಬಾಗಿಲು ಮಾಡಿದ್ದ. ಎರಡು ಕಡೆಯೂ ನಾಲ್ಕು ನಾಲ್ಕು ಬೆರಳು ಜಾಗ ನುಂಗಿದ ಆ ಬಾಗಿಲನ್ನು ಬಂದ ನೆಂಟರಿಗೆಲ್ಲ ತಟ್ಟಿ ತೋರಿಸಿ, "ಆನೆ ಬಂದರೂ ಅಲ್ಲಾಡಲ್ಲ" ಎನ್ನುತ್ತಿದ್ದ. ಆನೆಯನ್ನು ಒಳಗೇ ಬಿಟ್ಟು ಬಾಗಿಲು ಹಾಕಿದ್ದೇನೆಂದು ಆ ಮಹಾಶಯನಿಗೆ ಹೊಳೆದಿರಲಿಲ್ಲ. ಅವಳ ಚೆಕಿಂಗ್ ಕಣ್ಣೂ ಅದನ್ನು ಪಾಸು ಮಾಡಿಬಿಟ್ಟಿತ್ತು. ಆ ಸಿಟ್ಟು ಬೇರೆ.

"ಚೌಕಟ್ಟು ಕತ್ತರಿಸಿ ರೀ."

"ಏನಂದೆ? ಕೈಯಾರೆ ಮಾಡಿದ್ದು ಕಣೇ ಅದು! ಇಲ್ಲೇ ಟೀವಿ ಒಡೆದು ಗೋಣಿಚೀಲಕ್ಕೆ ತುಂಬೋಣ."

"ಆ ಗಾಜಲ್ಲಿ ಸೀಸ ಇದೆ, ವಿಷ ಅದು. ನಾಳೆ ಅತ್ತೆ ಮಲಗೋ ಜಾಗದಲ್ಲಿ ಅದರ ಪುಡಿ ಹಾರಿಸ್ತೀರಾ?"

"ಹಂಗಾದ್ರೆ ಮೂಲೆಗೆ ತಳ್ಳೋಣ ಬಿಡು. ಗ್ರಿಲ್ ಮಾತ್ರ ಮುಟ್ಟಬೇಡ."

ಅವಳು ಕೆಳಗೆ ಹೋಗಿ ಗಾಲಿಕುರ್ಚಿಯನ್ನು ಹೊತ್ತು ತಂದು, ಬಾಗಿಲ ಹೊರಗೆ ಬಿಡಿಸಿಟ್ಟು, ಒಳಕ್ಕೆ ತಳ್ಳಿದಳು. ಎರಡು ಗಾಲಿಯೂ ಠಣ್ಣನೆ ಕಬ್ಬಿಣಕ್ಕೆ ಬಡಿದು ನಿಂತವು. ಟೀವಿ ಒಳಗಿಂದ, ಕುರ್ಚಿ ಹೊರಗಿಂದ, ಎರಡೂ ಆ ಹೆಮ್ಮೆಯ ಬಾಗಿಲನ್ನು ನೋಡುತ್ತ ಕೂತವು.

"ಅದು ಮಡಚುತ್ತೆ ಅತ್ತಿಗೆ," ಎಂದ ಮೈದುನ, ದೊಡ್ಡ ಉಪಾಯ ಹೊಳೆದವನಂತೆ. "ಮಡಚಿ ಒಳಗೆ ತಂದ್ರಾಯ್ತು."

"ಅತ್ತೇನೂ ಮಡಚ್ತೀಯಾ?"

ಒಳಗಿನಿಂದ ಮಗಳು ಕಿಸಕ್ಕನೆ ನಕ್ಕಳು. ಗಂಡ ನಗಲಿಲ್ಲ. ಕಬ್ಬಿಣದ ಮೇಲೆ ಒಮ್ಮೆ ಕೈಯಾಡಿಸಿ, ಗಾಲಿ ಬಡಿದ ಗುರುತನ್ನು ಹೆಬ್ಬೆರಳಲ್ಲಿ ಒರೆಸಿದ. ತಾಯಿಯ ಮುಖ ನೆನಪಾಯಿತೋ, ಹೆಂಡತಿಯ ಮುಖ ಕಂಡಿತೋ, ಚಪ್ಪಲಿ ಮೆಟ್ಟಿಕೊಂಡು ತಾನು ಕೆಲಸ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋಗಿ ಕಟಿಂಗ್ ಮಷೀನ್ ತಂದ. ಕಿಡಿ ಹಾರಿತು, ಬೀದಿಯ ನಾಯಿಗಳೆಲ್ಲ ಬೊಗಳಿದವು. ಆನೆಗೂ ಅಲ್ಲಾಡದ ಬಾಗಿಲು ಗೋಡೆಗೆ ಒರಗಿತು.

ಮೆಟ್ಟಿಲಿಳಿಯುವಾಗ ಮೈದುನ ಹಿಡಿದದ್ದಕ್ಕಿಂತ ಕೂಗಿದ್ದೇ ಹೆಚ್ಚು. ಆಟೋದಲ್ಲಿ ಟೀವಿಯ ಪಕ್ಕ ಅವಳೂ ಹತ್ತಿ ಕೂತಳು. ಇವನನ್ನು ನಂಬಿ ಕಳಿಸಿದರೆ ಅದು ಮೊದಲ ಮೋರಿಯಲ್ಲೇ ಇಳಿದೀತೆಂದು ಅವಳಿಗೆ ಗೊತ್ತಿತ್ತು. ಯಾರ್ಡಿನವನು, "ಗಾಜು ಬಿರುಕು ಬಿಟ್ಟಿಲ್ಲ ತಾನೆ?" ಎಂದು ಸುತ್ತ ನೋಡಿ, ಅಂಥವೇ ಟೀವಿಗಳ ಸಾಲಿಗೆ ಸೇರಿಸಿದ. ಎಲ್ಲರ ಮನೆಯಲ್ಲೂ ಒಬ್ಬ ಮೈದುನ ಇದ್ದಾನೆಂದು ಆ ಸಾಲು ನೋಡಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಮರುದಿನ ಅಣ್ಣ ತಮ್ಮ ಮೆಟ್ಟಿಲ ಮೇಲೆ ಎತ್ತಿ ತಂದ ಗಾಲಿಕುರ್ಚಿ ಅತ್ತೆಯನ್ನು ಹೊತ್ತು ಎಲ್ಲೂ ತಾಗದೆ ಒಳಗೆ ಬಂತು. ಅತ್ತೆ ತಾನೇ ಗಾಲಿ ತಿರುಗಿಸಿಕೊಂಡು ಬಚ್ಚಲವರೆಗೆ ಹೋಗಿ, ತಿರುಗಿ ಬಂದು, ಸೊಸೆಯ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಗೋಡೆಯ ಮೇಲೆ ಚೌಕವಾಗಿ ಉಳಿದಿದ್ದ ಹಳೆಯ ಬಣ್ಣ ಕಣ್ಣಿಗೆ ಬಿತ್ತು.

"ಟೀವಿ ಎಲ್ಲೋ?"

"ನಾನೇ ಎತ್ಕೊಂಡು ಹೋದೆ ಅಮ್ಮ," ಎಂದ ಮೈದುನ, ಎದೆ ತಟ್ಟಿಕೊಂಡು. "ಅತ್ತಿಗೆಗೆ ಮಾತು ಕೊಟ್ಟಿದ್ದೆ."

"ನನ್ನ ಬಂಗಾರ. ನಾನೂ ಒಂದು ವಾರ ನಿನ್ನ ಮನೇಲಿ ಇದ್ದು ಬರ್ಲೇನೋ?"

"ಅದಕ್ಕೇನಮ್ಮ! ಮುಂದಿನ ಭಾನುವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ," ಎನ್ನುತ್ತಲೇ ಅವನು ಚಪ್ಪಲಿ ಹುಡುಕತೊಡಗಿದ.

ಟೀವಿಯ ಮಾತನ್ನಾದರೂ ಮೈದುನ ಉಳಿಸಿಕೊಂಡಿದ್ದ; ಅಮ್ಮನ ಭಾನುವಾರ ಇನ್ನೂ ಬಂದಿಲ್ಲ.