ನೊಣ ಹಿಡಿಯುವ ಗಿಡಕ್ಕೆ ನೀರು

"ಮುನ್ನೂರ ತೊಂಬತ್ತು!" ಎಂದು ಗಂಡ ನಕ್ಕ. ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಮೀಟರನ್ನು ಅವಳ ಪಾತ್ರೆಯಿಂದ ಎತ್ತಿ ಅಂಗಿಯ ಚುಂಗಿಗೆ ಒರೆಸಿದ. "ನಲ್ಲಿ ನೀರೇ ವಾಸಿ, ಇನ್ನೂರಿತ್ತು."

ಅವಳ ಮುಖ ಸಣ್ಣದಾಯಿತು. ಬೆಳಗಿನಿಂದ ಹೊಲಿಗೆ ಬಿಟ್ಟು, ನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಸೋಸಿ ಇಟ್ಟಿದ್ದಳು. ಎಳೆಮಗುವಿಗೆ ಆಗುವ ನೀರು ನೊಣ ತಿನ್ನುವ ಗಿಡಕ್ಕೆ ಆಗದೆ?

"ಕುದಿಸಿದ್ರೆ ನೀರು ಹೋಗುತ್ತೆ ಕಣೇ, ಉಪ್ಪು ಎಲ್ಲಿಗೆ ಹೋಗುತ್ತೆ? ಆ ಉಪ್ಪೇ ಇದರ ಬೇರು ಸುಡೋದು. ಐವತ್ತರ ಒಳಗಿರ್ಬೇಕು. ಬ್ಯಾಟರಿ ಅಂಗಡಿಯವಳು ಹೇಳಿದ್ದಾಳೆ."

ಹೇಳದೆ ಇರುತ್ತಾಳೆಯೇ ಮಹಾತಾಯಿ! ಗಿಡ ಕೊಟ್ಟವಳೂ ಅವಳೇ, ಮೀಟರು ಕೊಟ್ಟವಳೂ ಅವಳೇ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ವಾರಕ್ಕೊಂದು ಕ್ಯಾನು ತುಂಬಿಕೊಡುವವಳೂ ಅವಳೇ. ಶನಿವಾರ ತಾನು ಓಡಿಸುವ ಶಾಲೆಯ ವ್ಯಾನು ನಿಲ್ಲಿಸಿ ಅದನ್ನು ತರಲು ಹೋದವನು ಬರುವುದು ಎರಡು ಗಂಟೆ ಕಳೆದ ಮೇಲೆ. ಐದು ಲೀಟರು ತುಂಬಲು ಅಷ್ಟು ಹೊತ್ತೇ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳಿದರೆ ತಾನೇ ಸಣ್ಣವಳಾಗುತ್ತೇನೆಂದು ನುಂಗಿಕೊಳ್ಳುತ್ತಿದ್ದಳು. ನುಂಗಿದಷ್ಟೂ ಹೊಟ್ಟೆಯುರಿ ಹೆಚ್ಚಿತು. ಒಮ್ಮೆ ಉಪ್ಪಿನ ಡಬ್ಬಿ ಹಿಡಿದು ಗಿಡದ ಮುಂದೆ ನಿಂತೂ ಇದ್ದಳು. ಅದರ ಎಲೆತುದಿಯಲ್ಲಿ ನೊಣ ಹಿಡಿಯುವ ಎಳೆಯ ಬಾಯೊಂದು ಆಗಷ್ಟೇ ತೆರೆದುಕೊಂಡಿತ್ತು. ಪಾಪ ಎನಿಸಿ ವಾಪಸಾದಳು.

ಗುರುವಾರ ಮಳೆ ಬಂತು. ಗಾಳಿಯ ಧೂಳೆಲ್ಲ ಇಳಿಯಲೆಂದು ಸ್ವಲ್ಪ ಹೊತ್ತು ಕಾದು, ಮನೆಯಲ್ಲಿದ್ದ ಸ್ಟೀಲ್ ಪಾತ್ರೆಗಳನ್ನೆಲ್ಲ ತಾರಸಿಯ ನಟ್ಟನಡುವೆ ಇಟ್ಟಳು. ತೊಯ್ದು ತೊಪ್ಪೆಯಾಗಿ ಮೀಟರು ಅದ್ದಿದರೆ ಹನ್ನೊಂದು. ನಂಬಿಕೆಯಾಗದೆ ಮತ್ತೆ ಅದ್ದಿದಳು. ಹನ್ನೊಂದೇ.

"ಭೇಷ್! ಇದು ತಿಂಗಳಿಗೆ ಸಾಕು," ಎಂದು ಗಂಡ ಬೆನ್ನು ತಟ್ಟಿದ. ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನು ಆ ಅಂಗಡಿಯ ಹಂಗಿಲ್ಲ!

ಶನಿವಾರ ಸಂಜೆ ಇಬ್ಬರಿಗೂ ಚಹಾ ಮಾಡಿ ತಂದಳು. ಅವನು ಮುಖ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು ನಿಂತಿದ್ದ.

"ಎಲ್ಲಿಗೆ? ನೀರಿದೆಯಲ್ಲ."

"ಇದೆ ಇದೆ," ಎಂದ ಚಪ್ಪಲಿ ಹುಡುಕುತ್ತ. "ಅವಳು ಕಾಯ್ತಿರ್ತಾಳಲ್ಲ. ಇನ್ಮೇಲೆ ನೀರು ಬೇಡ ಅಂತ ಹೇಳಿ ಬಂದ್ಬಿಡ್ತೀನಿ."

ಕ್ಯಾನು ಒಯ್ಯಲಿಲ್ಲ. ಎರಡು ಗಂಟೆ ಕಳೆಯಿತು, ಮೂರಾಯಿತು. ಅವನ ಲೋಟದ ಚಹಾದ ಮೇಲೆ ಕೆನೆ ಕಟ್ಟಿತ್ತು.